ಹೊಸಿಲಾಚೆ ನಿಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮಕ್ಕಳೆಂದರೆ ಅಷ್ಟೇನೂ ಪ್ರೀತಿಯಿಲ್ಲ.

ಹೀಗೆ ಶುರು ಮಾಡಿದ್ದನ್ನು ನೋಡಿ ರಂಜಿತಾ ಹಣೆ ಚಚ್ಚಿಕೊಂಡಳು. ನಾನು ಬಿಟ್ಟ ಕೆಲಸಕ್ಕೆ ಈಗ ಸೇರಿರುವ ಹುಡುಗಿ ಅವಳು. "ಅಜ್ಜಿ, ನಾಲ್ಕು ಜನ ಓದೋದು. ಮಕ್ಕಳು ದೇವರ ಸಮಾನ ಅಂತ ಒಂದು ಸಾಲು ಹಾಕಿ" ಎಂದಳು. ದೇವರು ಯಾವತ್ತೂ ನನ್ನ ಸೆರಗಿಗೆ ಸಿಂಬಳ ಒರೆಸಿದ್ದಿಲ್ಲ, ಹಾಕುವುದಿಲ್ಲ ಎಂದೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದು, ಮಾತು ತಿದ್ದಬೇಡ ಎಂದು ಅವಳಿಗೆ ಷರತ್ತು ಹಾಕಿಯೇ ಬರೆಯಲು ಕೂತಿದ್ದೇನೆ.

ಈ ಕೆಲಸಕ್ಕೆ ಬರುವ ಹುಡುಗಿಯರೆಲ್ಲ "ನನಗೆ ಮಕ್ಕಳು ಅಂದ್ರೆ ಪ್ರಾಣ" ಎಂದುಕೊಂಡೇ ಬರುತ್ತಾರೆ. ಆರು ತಿಂಗಳಲ್ಲಿ ಪ್ರಾಣ ಹೋಗುತ್ತದೆ, ಕೆಲಸ ಉಳಿಯುತ್ತದೆ. ಅದಲ್ಲದೆ, ತುಂಬಾ ಪ್ರೀತಿ ಇರುವವರ ಕೈ ಸುಮ್ಮನಿರುವುದಿಲ್ಲ. ಮಗು ಕತ್ತರಿ ಹಿಡಿದರೆ ತಾವು ಹಿಡಿಯುತ್ತಾರೆ, ಮಗು ಅಂಟು ಹಚ್ಚಿದರೆ ತಾವು ಒರೆಸುತ್ತಾರೆ. ಕೊನೆಗೆ ಮನೆಗೆ ಹೋಗುವುದು ದೊಡ್ಡವರು ಮಾಡಿದ ವಸ್ತು, ಅದನ್ನು ಹೊತ್ತುಕೊಂಡ ಮಗು. ನಾನು ಇಪ್ಪತ್ತಾರು ವರ್ಷ ಆಡಿದ ಜಗಳ ಇದೊಂದೇ. ಮಗು ಮಾಡಿದ್ದು ಸೊಟ್ಟವೋ ಪಟ್ಟವೋ, ಮಗುವಿನದಾಗಿಯೇ ಮನೆಗೆ ಹೋಗಬೇಕು. ತಾಯಂದಿರ ಜೊತೆ ಆಡಿದೆ, ಪುರೋಹಿತರ ಜೊತೆ ಆಡಿದೆ, ಮೇಡಂ ಜೊತೆ ಆಡಿದೆ. ಹೆಚ್ಚುಕಡಿಮೆ ಎಲ್ಲ ಗೆದ್ದೆ. ಒಂದರಲ್ಲಿ ಸೋತೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ನಮ್ಮ ಕೇಂದ್ರ ಇದ್ದದ್ದು ಶಿವಮೊಗ್ಗದ ಒಂದು ಹಳೇ ಹೆಂಚಿನ ಕಟ್ಟಡದಲ್ಲಿ. ಊರಿನ ನಾಲ್ಕಾರು ಜನ ಸೇರಿ ಸಮಿತಿ ಮಾಡಿಕೊಂಡು, ಮಕ್ಕಳಿಗೆ ಭಾನುವಾರ ಭಾನುವಾರ ಬಿಟ್ಟಿ ಕಾರ್ಯಾಗಾರ ನಡೆಸುತ್ತಿದ್ದರು. ಹಬ್ಬದ ಮುಂಚೆ ಹಬ್ಬದ್ದು. ಗಣಪತಿಗೆ ಮಣ್ಣಿನ ಮೂರ್ತಿ, ದಸರೆಗೆ ಬಟ್ಟೆಯ ಗೊಂಬೆ, ದೀಪಾವಳಿಗೆ ಗೂಡುದೀಪ, ಸಂಕ್ರಾಂತಿಗೆ ಎಳ್ಳು ಹಂಚುವ ಕಾಗದದ ಡಬ್ಬಿ. ಶನಿವಾರ ಮಧ್ಯಾಹ್ನ ಇದೇ ಸಾಮಾನು ಹೊತ್ತುಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ನ್ಯೂ ಟೌನಿನ ಒಂದು ಸಮುದಾಯ ಭವನದಲ್ಲಿ ಅಲ್ಲಿನ ಮಕ್ಕಳಿಗೂ ಮಾಡಿಸುತ್ತಿದ್ದೆವು.

ನಾನು ಸೇರಿದ್ದು ಆಯಾ ಆಗಿ. ಕಸ ಗುಡಿಸುವುದು, ಚಿಕ್ಕವರನ್ನು ಒಂದಕ್ಕೆ ಕರೆದುಕೊಂಡು ಹೋಗುವುದು, ಚಡ್ಡಿ ಗುಂಡಿ ಹಾಕುವುದು. ಕಲಿಸುತ್ತಿದ್ದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಬಹಳ ಒಳ್ಳೆಯ ಮನುಷ್ಯ, ಕೈಗೆ ಮಾತ್ರ ಬುದ್ಧಿಯಿರಲಿಲ್ಲ. ಮೊದಲ ದೀಪಾವಳಿಗೆ ಗೂಡುದೀಪದ ಕಡ್ಡಿಗಾಗಿ ಬಿದಿರು ತರಿಸಿ, ತರಕಾರಿ ಹೆಚ್ಚುವ ಚಾಕುವಿನಲ್ಲಿ ಸೀಳಲು ಕೂತರು. ಬಿದಿರು ಸೀಳಲಿಲ್ಲ, ಹೆಬ್ಬೆರಳು ಸೀಳಿತು. ಮಕ್ಕಳೆಲ್ಲ ರಕ್ತ ನೋಡಲು ಮುಗಿಬಿದ್ದರು. ನಾನು ಪೊರಕೆ ಮೂಲೆಗಿಟ್ಟು, "ಕತ್ತಿ ತರ್ಸಿ ಮೇಷ್ಟ್ರೇ, ಇದು ಬದನೆಕಾಯಲ್ಲ" ಎಂದೆ. ನಮ್ಮಪ್ಪ ಭದ್ರಾವತಿ ಹಳೇ ಊರಿನಲ್ಲಿ ಮೊರ ಬುಟ್ಟಿ ಹೆಣೆಯುತ್ತಿದ್ದವನು. ನಾನು ನಡೆಯಲು ಕಲಿಯುವ ಮೊದಲೇ ಬಿದಿರಿನ ಸಿಬಿರು ಚುಚ್ಚಿಸಿಕೊಂಡವಳು. ಕಾಲು ಗಂಟೆಯಲ್ಲಿ ನಲವತ್ತು ಮಕ್ಕಳಿಗಾಗುವಷ್ಟು ಕಡ್ಡಿ ಸೀಳಿ ಹಾಕಿದೆ. ಮೇಷ್ಟ್ರು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ, "ಸಿದ್ದಮ್ಮ, ಇನ್ಮೇಲೆ ನೀವೇ ಕಲಿಸಿ" ಎಂದರು. ಹಾಜರಿ ಪುಸ್ತಕದಲ್ಲಿ ಕಡೆಯವರೆಗೂ ಆಯಾ ಎಂದೇ ಇತ್ತು. ಇರಲಿ, ಕಸವನ್ನೂ ಕಡೆಯವರೆಗೂ ಗುಡಿಸಿದ್ದೇನೆ.

ಬಿಟ್ಟಿ ಎಂದರೆ ಜನ ಬರುತ್ತಾರೆ. ಮಕ್ಕಳು ಬಂದರೆ ತೊಂದರೆಯಿಲ್ಲ, ಜೊತೆಗೆ ತಾಯಂದಿರು ಬರುತ್ತಾರೆ. ಒಂದು ಬೇಸಿಗೆಯಲ್ಲಿ ಕಾಗದದ ಹೂವಿನ ಶಿಬಿರ. ನಲವತ್ತು ಮಕ್ಕಳ ಬೆನ್ನ ಹಿಂದೆ ನಲವತ್ತು ತಾಯಂದಿರು ಕೂತರು. ಅರ್ಧ ಗಂಟೆಯಲ್ಲಿ ಹಾಲ್ ತುಂಬಾ ತಾಯಂದಿರೇ ಉಳಿದರು. ಮಕ್ಕಳು ಅಂಗಳದಲ್ಲಿ ನಾಯಿಮರಿಯ ಬಾಲ ಎಳೆಯುತ್ತಿದ್ದವು. ಸಂಜೆ ಗುಲಾಬಿ, ಸೇವಂತಿಗೆ, ತಾವರೆ, ನೋಡಿದರೆ ಮೂಸಬೇಕು ಅನ್ನಿಸುವಂಥವು. ಮೇಷ್ಟ್ರು ಹಿಗ್ಗಿದರು. ಚಂದದ ತಾವರೆ ಹಿಡಿದಿದ್ದ ಒಬ್ಬ ಹುಡುಗನನ್ನು ನಾನು ಕೇಳಿದೆ.

"ಇದನ್ನ ಯಾರೋ ಮಾಡಿದ್ದು?"

"ಅಮ್ಮ."

"ಮತ್ತೆ ನೀನೇನು ಮಾಡ್ದೆ?"

"ಅಂಟಿನ ಬಟ್ಟಲು ಹಿಡ್ಕೊಂಡಿದ್ದೆ. ಆಮೇಲೆ ಅದನ್ನೂ ಅಮ್ಮನೇ ತಗೊಂಡ್ಳು."

ಮರುವಾರ ನಾನು ಹಾಲಿನ ಬಾಗಿಲಲ್ಲಿ ನಿಂತೆ. ಹಳೇ ಕಟ್ಟಡ, ಮರದ ಎತ್ತರದ ಹೊಸಿಲು. ಮಕ್ಕಳನ್ನು ಒಳಗೆ ಬಿಟ್ಟು ಪೊರಕೆ ಅಡ್ಡ ಹಿಡಿದೆ. "ಅಮ್ಮಂದಿರು, ಅಪ್ಪಂದಿರು, ಅಜ್ಜ ಅಜ್ಜಿ ಎಲ್ಲ ಹೊಸಿಲಾಚೆ ನಿಲ್ಲಿ. ಮುಗಿದ ಮೇಲೆ ಕರೀತೀನಿ" ಎಂದೆ. ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದ ಒಬ್ಬ ತಾಯಿಗೆ ಸಿಟ್ಟು ಬಂತು.

"ಏನ್ರೀ ಇದು, ನಮ್ಮ ಪಾಪು ತುಂಬಾ ಸೂಕ್ಷ್ಮ. ನಾನಿಲ್ದೆ ಏನೂ ಮಾಡಲ್ಲ."

"ನೀವಿದ್ರೂ ಏನೂ ಮಾಡಲ್ಲಮ್ಮ, ಹೋದ ವಾರ ನೋಡ್ದೆ. ನಾಯಿ ಬಾಲ ಎಳೀತಾಳೆ."

ಅವರೆಲ್ಲ ಕಿಟಕಿಗಳಿಗೆ ಹೋದರು. ಸರಳಿನ ಆಚೆಯಿಂದ ಮೂಗು ತೂರಿಸಿ ಶುರುಮಾಡಿದರು. "ಪುಟ್ಟೀ, ಎಡಗಡೆ ಅಂಟಿಸು!" "ಅದಲ್ವೋ ಹಸಿರು, ಪಕ್ಕದ್ದು!" ಸಂತೆಯಲ್ಲಿ ಹರಾಜು ಕೂಗಿದಂತಿತ್ತು. ಮುಂದಿನ ವಾರ ಕಿಟಕಿಗಳಿಗೆ ಗೋಣಿಚೀಲ ಕಟ್ಟಿದೆ. ಸಮಿತಿಗೆ ದೂರು ಹೋಯಿತು, ಆಯಾ ಒರಟು ಎಂದು. ಒರಟು ಹೌದು, ಗೋಣಿಯೂ ಹೌದು. ಆದರೆ ಅವತ್ತು ನಲವತ್ತು ಮಕ್ಕಳೂ ತಮ್ಮ ಕೈಯಾರೆ ಏನೋ ಒಂದು ಮಾಡಿದವು. ಹೂವಿಗಿಂತ ಹೆಚ್ಚಾಗಿ ಹೂಕೋಸಿನ ಹಾಗೆ ಇದ್ದವು, ಮಾಡಿದವು.

ಆಗ ಮೇಷ್ಟ್ರು ಒಂದು ಮಾತು ಹೇಳಿದರು. "ಸಿದ್ದಮ್ಮ, ಅವರ ಕೈ ತಡೆದ್ರಿ ಸರಿ. ನಿಮ್ಮ ಕೈ?" ನನ್ನ ಕೈಯೂ ಅಂಥದ್ದೇ. ಒಂದು ಮಗು ಕಡ್ಡಿಯನ್ನು ತಪ್ಪಾಗಿ ಕಟ್ಟಿದರೆ ನನಗೆ ಮೈಯೆಲ್ಲ ಕೆರೆಯುತ್ತಿತ್ತು. ಅದಕ್ಕೆ ಉಪಾಯ ಮಾಡಿಕೊಂಡೆ. ಮಕ್ಕಳು ಕೆಲಸ ಮಾಡುವಷ್ಟು ಹೊತ್ತೂ ಎರಡೂ ಕೈಯಲ್ಲಿ ಪೊರಕೆ ಹಿಡಿದು ನಿಲ್ಲುತ್ತಿದ್ದೆ. ಪೊರಕೆ ಹಿಡಿದ ಕೈ ಬೇರೆ ಏನನ್ನೂ ಹಿಡಿಯುವುದಿಲ್ಲ. ನೋಡಿದವರು ಈಕೆಗೆ ಶುಚಿಯ ಹುಚ್ಚು ಎಂದುಕೊಂಡರು. ಒಬ್ಬರು ನನಗೆ ಹೊಸ ಪೊರಕೆ ಉಡುಗೊರೆ ಕೊಟ್ಟಿದ್ದೂ ಇದೆ.

ಗಣಪತಿ ಹಬ್ಬದ ಮುಂಚಿನ ಭಾನುವಾರಗಳು ದೊಡ್ಡ ರಗಳೆ. ಕೆರೆಮಣ್ಣು ಕಲಸಿ, ಉಂಡೆ ಮಾಡಿ ಕೊಡುವುದು ನನ್ನ ಕೆಲಸ, ಮೂರ್ತಿ ಮಕ್ಕಳದ್ದು. ಒಬ್ಬ ಪುರೋಹಿತರ ಮಗ, ಏಳು ವರ್ಷದವನು, ಎಷ್ಟು ನಿಲ್ಲಿಸಿದರೂ ಅವನ ಗಣಪತಿ ನಿಲ್ಲಲೊಲ್ಲದು, ಕೂರಲೊಲ್ಲದು. ಹೊಟ್ಟೆ ಭಾರ. ಹುಡುಗ ಬುದ್ಧಿವಂತ, ಮಲಗಿಸಿಬಿಟ್ಟ. ತಲೆಯ ಕೆಳಗೆ ಒಂದು ಮಣ್ಣಿನ ದಿಂಬನ್ನೂ ಇಟ್ಟ. ಕರೆದ ಮೇಲೆ ಒಳಗೆ ಬಂದ ತಂದೆ ನೋಡಿ ಕಣ್ಣು ಮುಚ್ಚಿಕೊಂಡು ಒಂದು ಶ್ಲೋಕ ಹೇಳಿದರು. ಆಮೇಲೆ ಕಣ್ಣು ಬಿಟ್ಟರು. ಗಣಪತಿ ಇನ್ನೂ ಮಲಗೇ ಇದ್ದ.

"ಇದು ಶಾಸ್ತ್ರದಲ್ಲಿ ಇಲ್ಲಮ್ಮ. ಮಲಗಿರೋ ಗಣಪತಿನ ಎಲ್ಲೂ ಹೇಳಿಲ್ಲ. ಸ್ವಲ್ಪ ಮಣ್ಣು ಕೊಡಿ, ಸರಿ ಮಾಡ್ತೀನಿ."

"ಮಣ್ಣು ಮುಗೀತು ಸ್ವಾಮಿ" ಎಂದೆ. ನನ್ನ ಕಾಲ ಬಳಿಯೇ ಒಂದು ಬಕೆಟ್ ಮಣ್ಣಿತ್ತು. "ಊರೋರ್ ಮನೇಲೆಲ್ಲ ಕಡುಬು ತಿಂದೋನು. ಮಲಗ್ದೆ ಇನ್ನೇನ್ ಮಾಡ್ತಾನೆ?"

ಅವರು ಮಗನನ್ನು, ಮಲಗಿದ ದೇವರನ್ನು ಎತ್ತಿಕೊಂಡು ಹೋದರು. ಮರುವರ್ಷ ಅವರೇ ಬಂದು, "ಸಿದ್ದಮ್ಮ, ಯೋಗನಿದ್ರೆ ಅಂತ ತಗೊಂಡ್ರೆ ಬಾಧಕ ಇಲ್ಲ. ಪೂಜೆ ಮಾಡಿದ್ವಿ" ಎಂದರು. ಶಾಸ್ತ್ರವೂ ಬಿದಿರಿನ ಹಾಗೆಯೇ. ಹಸಿ ಇದ್ದವರ ಕೈಯಲ್ಲಿ ಬಾಗುತ್ತದೆ, ಒಣಗಿದವರ ಕೈಯಲ್ಲಿ ಸೀಳುತ್ತದೆ.

ಮೇಷ್ಟ್ರು ಕಾಲವಾದ ಮೇಲೆ ಶಶಿಕಲಾ ಮೇಡಂ ಬಂದರು. ಓದಿಕೊಂಡವರು, ಚುರುಕು, ಬಾಯಲ್ಲಿ ಇಂಗ್ಲಿಷು. ಬಂದ ವಾರವೇ ನನ್ನ ಅಂಟಿನ ಪಾತ್ರೆ ಮೂಸಿ ನೋಡಿದರು.

"ಇದಕ್ಕೇನು ಹಾಕ್ತೀರಿ? ನೀಲಿ ನೀಲಿ ಇದೆ."

"ಮೈದಾ ಹಿಟ್ಟು, ಚೂರು ಮೈಲುತುತ್ತ."

"ಅಡಿಕೆಗೆ ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತಾನಾ? ಮಕ್ಕಳು ಬೆರಳು ನೆಕ್ಕುತ್ವೆ ಸಿದ್ದಮ್ಮ, ಅದು ವಿಷ!"

"ಹಾಕ್ದಿದ್ರೆ ಇಲಿ, ಜಿರಳೆ ತಿಂತಾವೆ ಮೇಡಂ. ಇಷ್ಟು ವರ್ಷ ಯಾವ ಮಗೂನೂ ಸತ್ತಿಲ್ಲ."

"ಸಾಯೋವರ್ಗೂ ಕಾಯೋಣ ಅಂತೀರಾ?"

ಅವತ್ತಿನಿಂದ ಮೈಲುತುತ್ತ ಬಂದ್. ಆ ದೀಪಾವಳಿಗೆ ಬರೀ ಮೈದಾ ಅಂಟಿನಲ್ಲಿ ಹದಿನೇಳು ಗೂಡುದೀಪ ಆದವು. ಒಣಗಲಿ ಎಂದು ಜಗಲಿಯ ಮೇಲೆ ಸಾಲಾಗಿ ಇಟ್ಟು ಹೋದೆವು. ಬೆಳಿಗ್ಗೆ ಬಂದು ನೋಡಿದರೆ, ಎರಡು ಬೀಡಾಡಿ ದನ ಜಗಲಿಯ ಮುಂದೆ ಮಲಗಿ ಮೆಲುಕು ಹಾಕುತ್ತಿವೆ. ಒಂದರ ಮೂತಿಗೆ ಗುಲಾಬಿ ಬಣ್ಣದ ಕಾಗದ ಮೆತ್ತಿದೆ. ಜಗಲಿಯ ಮೇಲೆ ಉಳಿದಿದ್ದು ಬರೀ ಕಡ್ಡಿ. ಮಕ್ಕಳು ಬಂದವು. ನಾನು ಅಳು ನಿರೀಕ್ಷಿಸಿದ್ದೆ. ಒಬ್ಬ ಹುಡುಗ, "ನಂದು ಪೂರ್ತಿ ತಿಂತಾ ಅಜ್ಜಿ?" ಎಂದು ಕೇಳಿ, ಹೌದೆಂದ ಮೇಲೆ ಎದೆ ಸೆಟೆಸಿ ನಡೆದ. ಒಬ್ಬಳದು ಮಾತ್ರ ಅರ್ಧ ಉಳಿದಿತ್ತು. ತನ್ನದು ದನಕ್ಕೂ ರುಚಿಸಲಿಲ್ಲ ಎಂದು ಅವಳೊಬ್ಬಳೇ ಅತ್ತಳು.

ನಾನು ಸೊಂಟಕ್ಕೆ ಕೈ ಕೊಟ್ಟುಕೊಂಡು ಮೇಡಂ ಕಡೆ ನೋಡಿದೆ. ಅವರು ದನದ ಕಡೆ ನೋಡಿ, "ಮೈಲುತುತ್ತ ಇದ್ದಿದ್ರೆ ಇವೆರಡೂ ಇಲ್ಲೇ ಸತ್ತು ಬಿದ್ದಿರ್ತಿದ್ವು" ಎಂದರು. ಆಮೇಲೆ ಅಂಟಿಗೆ ಒಂದೆರಡು ಹನಿ ಬೇವಿನೆಣ್ಣೆ ಹಾಕಲು ಶುರುಮಾಡಿದೆ. ದನ ಮೂಸಿ ಬಿಡುತ್ತಿದ್ದವು. ಮಕ್ಕಳು ಒಮ್ಮೆ ನೆಕ್ಕಿ ಉಗಿಯುತ್ತಿದ್ದವು. ಹೊಸಬರು ನೆನಪಿಟ್ಟುಕೊಳ್ಳಿ, ಮೇಲಿನವರು ಹೇಳಿದ್ದೆಲ್ಲ ತಪ್ಪಾಗಿರುವುದಿಲ್ಲ. ಅದೇ ನಮ್ಮ ಕಷ್ಟ.

ಇತ್ತೀಚೆಗೆ ವಿಧಾನವೇ ಬದಲಾಗಿದೆ. ಈಗ ಕಿಟ್ ಎಂದು ಪೊಟ್ಟಣ ಬರುತ್ತದೆ. ಅದರಲ್ಲಿ ಕತ್ತರಿಸಿಟ್ಟ ಕಾಗದ, ತೂತು ಹೊಡೆದಿಟ್ಟ ರಟ್ಟು, ಅಂಟು ಹಚ್ಚಿಟ್ಟ ಮಿಣಮಿಣ ಕಾಗದ. ಮಗು ಮಾಡಬೇಕಾದ್ದು ಪೊಟ್ಟಣ ಹರಿಯುವುದು ಒಂದೇ. ಅದನ್ನೂ ಬಾಯಲ್ಲಿ ಹರಿಯುತ್ತವೆ. ಇನ್ನು ವೀಡಿಯೋ. "ಒಂದೇ ನಿಮಿಷದಲ್ಲಿ ಗೂಡುದೀಪ" ಅಂತೆ. ನಾನು ಗಡಿಯಾರ ಹಿಡಿದು ನೋಡಿದೆ, ಆ ನಿಮಿಷದಲ್ಲಿ ಅರ್ಧ ನಿಮಿಷ ವೀಡಿಯೋದವಳು ತನ್ನ ಮುಖವನ್ನೇ ತೋರಿಸಿದಳು.

ಒಂದು ಸಲ ಮೇಡಂ ನನ್ನ ಹೊಸಿಲನ್ನೂ ಕಿತ್ತು ಹಾಕಿದರು. "ಕುಟುಂಬ ಸಮೇತ ಹಬ್ಬದ ಕರಕುಶಲ" ಎಂದು ಕಾರ್ಯಕ್ರಮ. ಗಂಡ, ಹೆಂಡತಿ, ಮಗು ಒಟ್ಟಿಗೆ ಕೂತು ಗೂಡುದೀಪ ಮಾಡಬೇಕು. ನಾನು ಪೊರಕೆ ಹಿಡಿದು ಮೂಲೆಯಲ್ಲಿ ನಿಂತು ತಮಾಷೆ ನೋಡಿದೆ. ನನ್ನ ಮುಂದೆಯೇ ಒಂದು ಜೋಡಿ.

"ಕಡ್ಡಿ ಅಡ್ಡ ಇಡ್ರೀ."

"ಅಡ್ಡಾನೇ ಇಟ್ಟಿದೀನಲ್ಲ ಮಾರಾಯ್ತಿ."

"ಅದು ಉದ್ದ. ಮನೇಲಿ ಒಂದು ಮೊಳೆ ಹೊಡೆಯಕ್ಕೆ ಬರಲ್ಲ, ಇಲ್ಲಿ ಬಂದು ಇಂಜಿನಿಯರ್ ಕೆಲಸ."

"ನಿಮ್ಮಪ್ಪ ದೊಡ್ಡ ಮೇಸ್ತ್ರಿ ಅಲ್ವಾ, ಕರ್ಸು ಅವ್ರನ್ನ."

ಇವರ ಜಗಳ ಮೊಳೆಯಿಂದ ಮದುವೆಯ ಊಟದವರೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಮಗು ಬಣ್ಣದ ಕಾಗದ ಹೊದ್ದು ಮಲಗಿತ್ತು. ಕೊನೆಗೆ ಮಗುವನ್ನು ಎಬ್ಬಿಸಿ, ಕೈಗೆ ಗೂಡುದೀಪ ಕೊಟ್ಟು, ಮೂವರೂ ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡರು. ಆ ಫೋಟೋವನ್ನೇ ಮೇಡಂ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಈಗಲೂ ಇದೆ. ಹೋಗಿ ನೋಡಿ, ಮಗುವಿನ ಕೆನ್ನೆಯ ಮೇಲೆ ಕಡ್ಡಿಯ ಗುರುತಿದೆ.

ಇಷ್ಟೆಲ್ಲ ಜನರನ್ನು ಆಡಿಕೊಂಡೆನಲ್ಲ, ಇನ್ನು ನನ್ನ ಸರದಿ.

ನಾನು ಬಿಡುವ ಹಿಂದಿನ ವರ್ಷ. ಭದ್ರಾವತಿಯ ಶನಿವಾರದ ಮಕ್ಕಳಲ್ಲಿ ಸೆಲ್ವಿ ಎಂದು ಒಬ್ಬಳಿದ್ದಳು. ಒಂಬತ್ತು ವರ್ಷ. ಸಮುದಾಯ ಭವನದ ಹಿಂದಿನ ಸಾಲುಮನೆಗಳಲ್ಲಿ ಅವಳ ಮನೆ. ಮನೆಯಲ್ಲಿ ತಮಿಳು, ನನ್ನನ್ನು ಪಾಟಿ ಎಂದೇ ಕರೆಯುತ್ತಿದ್ದಳು. ಅಜ್ಜಿ ಎಂದ ಹಾಗೆ. ಅಲ್ಲಿನ ಬಾಗಿಲಲ್ಲೂ ನನ್ನದು ಅದೇ ಪೊರಕೆ, ಅದೇ ಮಾತು. ಅವಳ ಜೊತೆ ಮಾತ್ರ ಯಾರೂ ಬರುತ್ತಿರಲಿಲ್ಲ, ಹಾಗಾಗಿ ನನಗೆ ಹೊಸಿಲಿನ ತಕರಾರೂ ಇರಲಿಲ್ಲ. ಹೆಚ್ಚು ಮಾತಿಲ್ಲ. ಕೆಲಸ ಶುರುಮಾಡುವ ಮುಂಚೆ ಕಡ್ಡಿಯನ್ನು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಆ ವರ್ಷ ಅವಳಿಗೆ ಒಂದೇ ಹಟ. "ಪಾಟಿ, ನಮ್ಮ ಸಾಲಲ್ಲಿ ಎಲ್ರ ಮನೇಲೂ ಅಂಗಡಿ ಗೂಡುದೀಪ. ಈ ಸಲ ನಮ್ಮನೇಲಿ ನಾನು ಮಾಡಿದ್ದೇ ಹಾಕೋದು. ಅಮ್ಮನ ಹತ್ರ ಮಾತು ತಗೊಂಡಿದೀನಿ" ಎಂದಿದ್ದಳು.

ನಕ್ಷತ್ರದ ಗೂಡುದೀಪ ಮಾಡಲು ಐದೈದು ಕಡ್ಡಿಯ ಎರಡು ನಕ್ಷತ್ರ ಬೇಕು. ಹತ್ತೂ ಕಡ್ಡಿ ಒಂದೇ ಅಳತೆ. ಅವಳು ಒಂದು ಕಡ್ಡಿಯನ್ನು ಮಾತ್ರ ಒಂದು ಗೇಣು ಉದ್ದ ಬಿಟ್ಟು ಕಟ್ಟಿದಳು. ನಕ್ಷತ್ರಕ್ಕೆ ಬಾಲ ಬಂದ ಹಾಗೆ. ನನ್ನ ಕೈ ಕೆರೆಯಿತು. ಪೊರಕೆ ಬಿಗಿ ಹಿಡಿದೆ. "ಏನೇ ಇದು, ಅಳತೆ ತಪ್ಪಿದೀಯ" ಎಂದು ಬಾಯಿ ಬಿಟ್ಟು ಹೇಳಿದ್ದರೆ ಅವಳು ಏನಾದರೂ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಮೂರು ಶನಿವಾರ ಕೂತು ಅವಳು ಅದನ್ನು ಮುಗಿಸಿದಳು.

ಅಷ್ಟರಲ್ಲಿ ಭವನಕ್ಕೆ ಕುತ್ತು ಬಂತು. ಡ್ಯಾನ್ಸ್ ಕ್ಲಾಸಿನವರೊಬ್ಬರು ಶನಿವಾರದ ಹೊತ್ತು ತಮಗೆ ಬೇಕೆಂದು ಕೇಳಿದ್ದರು. ಭವನ ನೋಡಿಕೊಳ್ಳುವ ಅಧಿಕಾರಿ ಬಂದು ಮಕ್ಕಳ ಪ್ರದರ್ಶನ ನೋಡಿ ತೀರ್ಮಾನ ಹೇಳುತ್ತಾರೆ ಎಂದಾಯಿತು. ದೀಪಾವಳಿಗೆ ಎರಡು ದಿನ ಮುಂಚೆ ಪ್ರದರ್ಶನ. ಹಿಂದಿನ ದಿನ ಮಧ್ಯಾಹ್ನ ಮೇಡಂ, ನಾನು ಇಬ್ಬರೇ ಗೂಡುದೀಪಗಳನ್ನು ತಂತಿಗೆ ಕಟ್ಟುತ್ತಿದ್ದೆವು. ಹನ್ನೆರಡು ಇದ್ದವು. ಮೇಡಂ ಹಿಂದೆ ಸರಿದು ನಿಂತು ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು.

"ಸಿದ್ದಮ್ಮ, ಎಲ್ಲ ಸೊಟ್ಟಪಟ್ಟ ಇದಾವಲ್ರೀ."

"ಮಕ್ಕಳು ಮಾಡಿದ್ದು ಮೇಡಂ."

"ಅದು ನಮಗೆ ಗೊತ್ತು. ಅವರು ನೋಡ್ಬಿಟ್ಟು, ಇಷ್ಟು ವರ್ಷ ಏನು ಕಲಿಸಿದ್ರಿ ಅಂತಾರೆ. ಈ ಹಾಲ್ ಹೋದ್ರೆ ಈ ಮಕ್ಕಳಿಗೆ ಬೇರೆ ಏನಿದೆ ಹೇಳಿ? ಒಂಚೂರು ಸರಿ ಮಾಡಿ. ನಿಮ್ಮ ಕೈಲಿ ಎಷ್ಟು ಹೊತ್ತಿನ ಕೆಲಸ?"

ಅವರು ಗದರಿಸಿದ್ದರೆ ನಾನೂ ಗದರಿಸುತ್ತಿದ್ದೆ. ಬೇಡಿಕೊಂಡರು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕಲ್ಲ, ನನ್ನ ಕೈ ಇಪ್ಪತ್ತೈದು ವರ್ಷದಿಂದ ಇದೇ ಮಾತಿಗೆ ಕಾದಿತ್ತು. ಪೊರಕೆ ಪಕ್ಕಕ್ಕಿಟ್ಟೆ. ಒಂದೊಂದೇ ಇಳಿಸಿ, ಸಡಿಲ ಗಂಟು ಬಿಚ್ಚಿ ಬಿಗಿದೆ, ಸುಕ್ಕು ಕಾಗದ ಕಿತ್ತು ಹೊಸದು ಎಳೆದು ಅಂಟಿಸಿದೆ. ಹಾಡು ಬೇರೆ ಗುನುಗುತ್ತಿದ್ದೆ. ಸೆಲ್ವಿಯದು ಬಂದಾಗ, ಉದ್ದ ಉಳಿದಿದ್ದ ಆ ಕಡ್ಡಿಯನ್ನು ಕತ್ತಿಯಿಂದ ಒಂದೇ ಏಟಿಗೆ ಕಚಕ್ ಎಂದು ಕತ್ತರಿಸಿದೆ. ಅಂಚನ್ನು ನುಣ್ಣಗೆ ಹೆರೆದೆ. ಎಷ್ಟು ಸಮಾಧಾನವಾಯಿತೆಂದರೆ, ಹಲ್ಲಿನ ಸಂದಿಯ ಅಡಿಕೆ ಚೂರು ತೆಗೆದ ಹಾಗೆ. ತುಂಡನ್ನು ಕಸದ ಜೊತೆ ಗುಡಿಸಿ ಹಾಕಿದೆ.

ಮರುದಿನ ಅಧಿಕಾರಿ ಬಂದರು. ಕಾರಿನಿಂದ ಇಳಿಯುವಾಗಲೇ ಫೋನು ಕಿವಿಯಲ್ಲಿತ್ತು. ಫೋನಿನಲ್ಲೇ ಮಾತಾಡುತ್ತಾ ಹನ್ನೆರಡು ಗೂಡುದೀಪದ ಕೆಳಗೆ ಹಾದುಹೋದರು, ತಲೆ ಮೇಲೆತ್ತಲಿಲ್ಲ. ಒಂದಕ್ಕೆ ತಲೆ ತಾಗಿತು. ಸೊಳ್ಳೆ ಓಡಿಸುವ ಹಾಗೆ ಕೈ ಬೀಸಿದರು. ಚೌಚೌಬಾತ್ ತಿಂದರು. "ಡ್ಯಾನ್ಸ್‌ನವ್ರು ಬೇರೆ ಕಡೆ ನೋಡ್ಕೊಂಡ್ರಂತೆ. ನೀವೇ ಇಟ್ಕೊಳ್ಳಿ" ಎಂದರು. ಹೋದರು. ನಾನು ಮೂರು ಗಂಟೆ ಸರಿ ಮಾಡಿದ್ದನ್ನು ಅವರು ನೋಡಲೇ ಇಲ್ಲ. ಬರೀ ಕಡ್ಡಿ ನೇತುಹಾಕಿದ್ದರೂ ನಡೆಯುತ್ತಿತ್ತು.

ಆಮೇಲೆ ಮಕ್ಕಳನ್ನು ಒಳಗೆ ಬಿಟ್ಟೆವು, ತಂತಮ್ಮದು ಇಳಿಸಿಕೊಂಡು ಹೋಗಿ ಎಂದು. ಕೆಲವರಿಗೆ ಏನೂ ಗೊತ್ತಾಗಲಿಲ್ಲ, ಬಣ್ಣ ನೋಡಿ ಗುರುತಿಸಿ ತೆಗೆದುಕೊಂಡರು. ಸೆಲ್ವಿ ತಂತಿಯ ಈ ತುದಿಯಿಂದ ಆ ತುದಿಗೆ ಕತ್ತೆತ್ತಿಕೊಂಡು ನಡೆದಳು. ಮತ್ತೆ ಈ ತುದಿಗೆ ಬಂದಳು.

"ಪಾಟಿ, ನಂದು ಇಲ್ಲ."

"ಅದೇ ಅಲ್ವೇನೇ, ಹಳದಿ ಕೆಂಪು."

ಅವಳು ಹಳದಿ ಕೆಂಪಿನದನ್ನು ನೋಡಿದಳು.

"ಅದು ನಂದಲ್ಲ. ನಂದಕ್ಕೆ ಉದ್ದ ಕಡ್ಡಿ ಇತ್ತು."

"ಅದು ಅಳತೆ ತಪ್ಪಿತ್ತು ಕಣೆ. ನಾನೇ ಸರಿ ಮಾಡ್ದೆ. ಈಗ ನೋಡು ಎಷ್ಟು ಚಂದ ಇದೆ."

"ತಪ್ಪಿರ್ಲಿಲ್ಲ ಪಾಟಿ. ಅದು ಕಿಟಕಿ ಸರಳಿಗೆ ತೂರ್ಸಕ್ಕೆ. ನಮ್ಮನೆ ಮುಂದೆ ನೇತಾಕಕ್ಕೆ ಜಾಗ ಎಲ್ಲಿದೆ? ಕಡ್ಡೀನ ಕಿಟಕಿ ಒಳಕ್ಕೆ ತೂರ್ಸಿ ಕಟ್ಟಿದ್ರೆ, ನಕ್ಷತ್ರ ಬೀದಿ ಕಡೆ ಬರುತ್ತೆ. ಬೀದಿ ಆ ಕಡೆಯಿಂದ ಬಂದ್ರೂ ಕಾಣುತ್ತೆ, ಈ ಕಡೆಯಿಂದ ಬಂದ್ರೂ ಕಾಣುತ್ತೆ."

ಆ ಸಾಲುಮನೆಗಳನ್ನು ನಾನು ಕಾಣದವಳಲ್ಲ. ಮದುವೆಯಾದ ಮೇಲೆ ಹತ್ತು ವರ್ಷ ಅಂಥದ್ದೇ ಮನೆಯಲ್ಲಿ ಸಂಸಾರ ಮಾಡಿದ್ದೇನೆ. ಮುಂದೆ ಜಗಲಿಯಿಲ್ಲ, ಶೀಟಿನ ಸೂರು ಗೋಡೆಯಿಂದ ಒಂದು ಬೆರಳೂ ಆಚೆ ಬರುವುದಿಲ್ಲ, ಬೀದಿಗೆ ಇರುವುದು ಒಂದೇ ಸರಳಿನ ಕಿಟಕಿ. ಹತ್ತು ದೀಪಾವಳಿಗೂ ಗೂಡುದೀಪವನ್ನು ಎಲ್ಲಿ ಕಟ್ಟುವುದು ತಿಳಿಯದೆ ಮನೆಯೊಳಗೆ ಒಲೆಯ ಮೇಲೆ ನೇತುಹಾಕಿ ಮಸಿ ಹಿಡಿಸಿದವಳು ನಾನು. ಬಿದಿರಿನಲ್ಲೇ ಹುಟ್ಟಿದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಅದನ್ನೇ ಕತ್ತರಿಸಿ ಕಸಕ್ಕೆ ಹಾಕಿದ್ದೆ.

ಸೆಲ್ವಿ ಅಳಲಿಲ್ಲ. "ಇದನ್ನ ಯಾರಿಗಾದ್ರೂ ಕೊಡಿ" ಎಂದು ಹೇಳಿ ಚಪ್ಪಲಿ ಹಾಕಿಕೊಂಡು ಹೋದಳು. ಕಾಗದದ ತಾವರೆಯ ಹುಡುಗನಿಗೆ ಅವನಮ್ಮ ಅಂಟಿನ ಬಟ್ಟಲನ್ನಾದರೂ ಸ್ವಲ್ಪ ಹೊತ್ತು ಬಿಟ್ಟಿದ್ದಳು. ನಾನು ಇವಳಿಗೆ ಅಷ್ಟನ್ನೂ ಬಿಟ್ಟಿರಲಿಲ್ಲ.

ಮೇಡಂ, "ಬಿಡಿ ಸಿದ್ದಮ್ಮ, ಮಕ್ಕಳು ನಾಳೆಗೆ ಮರೀತಾರೆ" ಎಂದರು. ಮಕ್ಕಳು ಮರೆಯುವುದಿಲ್ಲ. ಮರೆಯುವುದು ಮೇಡಂಗಳು.

ಹಬ್ಬದ ದಿನ ಮಧ್ಯಾಹ್ನ ಒಂದು ಹಿಡಿ ಬಿದಿರಿನ ಕಡ್ಡಿ, ಕಾಗದ, ಅಂಟಿನ ಡಬ್ಬಿ ಕಟ್ಟಿಕೊಂಡು ಶಿವಮೊಗ್ಗದಿಂದ ಬಸ್ಸು ಹತ್ತಿದೆ. ಸಾಲುಮನೆಗಳಲ್ಲಿ ಅವಳ ಮನೆ ಕೇಳಿಕೊಂಡು ಹೋದೆ. ಉಳಿದ ಮನೆಗಳಲ್ಲಿ ಬೇರೆ ಜಾಗವಿಲ್ಲದೆ ಬಾಗಿಲ ಚೌಕಟ್ಟಿಗೇ ಕಟ್ಟಿದ್ದ ಅಂಗಡಿಯ ಪ್ಲಾಸ್ಟಿಕ್ ಗೂಡುದೀಪಗಳು ಬಾಗಿಲಿಗೆ ಬಡಿದುಕೊಳ್ಳುತ್ತಿದ್ದವು. ಇವಳ ಕಿಟಕಿ ಬೋಳು. ಬಾಗಿಲಲ್ಲಿ ಸೆಲ್ವಿಯೇ ನಿಂತಿದ್ದಳು.

"ತಪ್ಪಾಯ್ತು ಕಣೆ" ಎಂದೆ. ಈ ಮಾತನ್ನು ಸಮಿತಿಯ ಮುಂದೆಯೂ ನಾನು ಹೇಳಿದವಳಲ್ಲ. "ಕಡ್ಡಿ ತಂದಿದೀನಿ, ಉದ್ದ ಬೇಕಾದಷ್ಟಿದೆ. ಬಾ, ಇಬ್ರೂ ಕೂತ್ರೆ ಅರ್ಧ ಗಂಟೇಲಿ ಮುಗಿಸ್ಬಹುದು" ಎನ್ನುತ್ತಾ ಒಳಗೆ ಕಾಲಿಡಲು ಹೋದೆ.

ಅವಳು ಕಡ್ಡಿಯ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಾಗದ, ಡಬ್ಬಿಯನ್ನೂ ತೆಗೆದುಕೊಂಡಳು. ಒಂದು ಕಡ್ಡಿಯನ್ನು ಬಾಗಿಲಿಗೆ ಅಡ್ಡ ಹಿಡಿದಳು.

"ಪಾಟಿ, ಹೊಸಿಲಾಚೆ ನಿಲ್ಲಿ. ಮುಗಿದ ಮೇಲೆ ಕರೀತೀನಿ."

ಒಳಗಿನಿಂದ ಅವಳಮ್ಮ ಗದರಿದ್ದು ಕೇಳಿಸಿತು, ದೊಡ್ಡೋರಿಗೆ ಹಾಗನ್ತಾರೇನೇ ಎಂದು. ನಾನು, "ಸರಿಯಾಗೇ ಹೇಳಿದಾಳೆ ಬಿಡಮ್ಮ" ಎಂದೆ. ಅವಳಮ್ಮ ಒಂದು ಸ್ಟೂಲು, ಒಂದು ಲೋಟ ಟೀಯನ್ನು ಬೀದಿಗೇ ತಂದುಕೊಟ್ಟಳು. ಹೋಗಿಬರುವವರೆಲ್ಲ ನೋಡಿದರು. ಒಬ್ಬ, "ಏನಜ್ಜಿ, ಮನೆಯಿಂದ ಆಚೆ ಹಾಕಿದ್ರಾ?" ಎಂದ. "ಹೌದಪ್ಪ, ನಿಂದು ಯಾವಾಗ?" ಎಂದೆ.

ಅರ್ಧ ಗಂಟೆಯದು ಎರಡೂವರೆ ಗಂಟೆಯಾಯಿತು. ಕಿಟಕಿಯಿಂದ ಇಣುಕಬಹುದಿತ್ತು. ಇಣುಕಲಿಲ್ಲ. ಬೀದಿ ದೀಪ ಹತ್ತುವ ಹೊತ್ತಿಗೆ ಸೆಲ್ವಿ ನಕ್ಷತ್ರವನ್ನು ಹೊತ್ತು ಆಚೆಗೆ ಬಂದು, ಅದರ ಉದ್ದ ಕಡ್ಡಿಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿದಳು. ಕಡ್ಡಿ ಒಳಗೆ ಹೋಗಿ ನಿಂತಿತು, ಒಳಗಿನಿಂದ ಅವಳಮ್ಮ ಬಿಗಿದು ಕಟ್ಟಿದಳು. ನಕ್ಷತ್ರದೊಳಗಿನ ಸಣ್ಣ ಬಲ್ಬು ಹತ್ತಿತು.

"ಪಾಟಿ, ಈಗ ನೋಡಿ."

ನೋಡಿದೆ. ಮೊದಲಿನದಕ್ಕಿಂತ ಸೊಟ್ಟ. ಕಾಗದ ಒಂದು ಕಡೆ ಗಾಳಿ ತುಂಬಿದಂತೆ ಉಬ್ಬಿತ್ತು, ಒಂದು ಗಂಟು ಕಣ್ಣೆದುರೇ ಜಾರುತ್ತಿತ್ತು. ಎರಡು ಬೆರಳು ಹಾಕಿ ಎಳೆದರೆ ಸರಿಹೋಗುವ ಗಂಟು. ಕೈಗೆ ಎಟಕುವಷ್ಟೇ ಎತ್ತರ. ನನ್ನ ಕೈಯಲ್ಲಿ ಅವತ್ತು ಪೊರಕೆಯೂ ಇರಲಿಲ್ಲ.

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೀದಿಯ ಆ ತುದಿಗೆ ನಡೆದು ತಿರುಗಿ ನೋಡಿದೆ. ಕಾಣಿಸಿತು. ಈ ತುದಿಗೆ ಬಂದು ನೋಡಿದೆ. ಇಲ್ಲಿಂದಲೂ ಕಾಣಿಸಿತು.